ಗುರುತಿಲ್ಲದವರನ್ನು ಕೇಳುವ ಬಗೆ: ಮಲೆನಾಡಿನಿಂದ ಗ್ರಾಫಿಕ್ಸ್ ಸಮ್ಮೇಳನಕ್ಕೆ ಹೊರಟವರಿಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿಗಳಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಹುಚ್ಚು ಹಿಡಿಸಿಕೊಂಡವರು ಕಡಿಮೆಯೇನಿಲ್ಲ. ಬ್ಲೆಂಡರ್ ತಂತ್ರಾಂಶವನ್ನು ಅರೆದು ಕುಡಿದವರಿದ್ದಾರೆ, ಓಪನ್‌ಜಿಎಲ್‌ನಲ್ಲಿ ತಾವೇ ಕುಳಿತು ಚಿತ್ರ ಮೂಡಿಸುವ ರೆಂಡರರ್ ಬರೆದವರಿದ್ದಾರೆ. ತೊಡಕು ಶುರುವಾಗುವುದು ಆ ಕೆಲಸವನ್ನು ಒಂದು ಸಮ್ಮೇಳನಕ್ಕೆ ಕಳಿಸಬೇಕು ಎಂದು ಮನಸ್ಸು ಮಾಡಿದಾಗ. ಕಾಲೇಜಿನಲ್ಲಿ ಕೇಳೋಣವೆಂದರೆ ಅಧ್ಯಾಪಕರು ಮೆಷಿನ್ ಲರ್ನಿಂಗ್‌ನವರೋ ನೆಟ್‌ವರ್ಕ್‌ನವರೋ ಆಗಿರುತ್ತಾರೆ. ಹಿಂದೆ ಹೋಗಿಬಂದ ಹಿರಿಯ ವಿದ್ಯಾರ್ಥಿಗಳಿದ್ದರೂ ಅವರು ಬೆಂಗಳೂರೋ ಬರ್ಲಿನ್ನೋ ಸೇರಿ ವರ್ಷಗಳಾಗಿರುತ್ತವೆ. ಕೊನೆಗೆ ಉಳಿಯುವವರು ಇಂಟರ್ನೆಟ್‌ನಲ್ಲಿ ಸಿಗುವ, ಮುಖ ನೋಡದ ಜನ. ಅವರು ಸಹಾಯ ಮಾಡುತ್ತಾರೆ, ಧಾರಾಳವಾಗಿಯೇ ಮಾಡುತ್ತಾರೆ. ಆದರೆ ತಮ್ಮ ಕೆಲಸದ ನಡುವೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಉತ್ತರಿಸುವವರು ಅವರು. ಆ ಹತ್ತು ನಿಮಿಷ ಯಾವುದಕ್ಕೆ ಖರ್ಚಾಗಬೇಕು ಎನ್ನುವುದನ್ನು ಕೇಳುವವರೇ ತೀರ್ಮಾನಿಸಬೇಕು.

ಸಮ್ಮೇಳನದ ಹೆಸರು ಸಾಲದು, ವಿಭಾಗ ಹೇಳಿ

ಗ್ರಾಫಿಕ್ಸ್ ಎಂದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಸಿಗ್ರಾಫ್. 1974ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್‌ನಲ್ಲಿ ಶುರುವಾದದ್ದು. ಅದರ ಏಷ್ಯಾ ಆವೃತ್ತಿ 2008ರಲ್ಲಿ ಸಿಂಗಪುರದಲ್ಲಿ ಆರಂಭವಾಯಿತು. 2023ರಲ್ಲಿ ಸಿಡ್ನಿ, 2024ರಲ್ಲಿ ಟೋಕಿಯೊ, 2025ರಲ್ಲಿ ಹಾಂಗ್‌ಕಾಂಗ್, ಹೀಗೆ ಪ್ರತಿವರ್ಷ ಊರು ಬದಲಿಸುತ್ತದೆ. ಯುರೋಪಿನಲ್ಲಿ ಯೂರೋಗ್ರಾಫಿಕ್ಸ್ ಇದೆ. ನಮ್ಮ ದೇಶದಲ್ಲಿ 1998ರಿಂದ ನಡೆಯುತ್ತಿರುವ ಐಸಿವಿಜಿಐಪಿ ಇದೆ. ಕಂಪ್ಯೂಟರ್ ದೃಷ್ಟಿ, ಗ್ರಾಫಿಕ್ಸ್, ಚಿತ್ರ ಸಂಸ್ಕರಣೆ ಮೂರನ್ನೂ ಒಟ್ಟಿಗೆ ಇಟ್ಟುಕೊಂಡ ಸಮ್ಮೇಳನ. 2024ರ ಡಿಸೆಂಬರ್‌ನಲ್ಲಿ ಅದು ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಶಿವಮೊಗ್ಗದಿಂದ ರೈಲು ಹತ್ತಿದರೆ ತಲುಪುವ ಜಾಗ. ಮೊದಲ ಸಲ ಕಳಿಸುವವರು ಇದನ್ನು ಪಟ್ಟಿಯಲ್ಲಿ ಮೇಲೆಯೇ ಇಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಸಿಗ್ರಾಫ್ ಬಿಟ್ಟರೆ ಬೇರೆ ಗತಿಯಿಲ್ಲ ಎನ್ನುವ ಹಟ ಹಲವರ ಒಂದು ವರ್ಷವನ್ನು ತಿಂದುಹಾಕುತ್ತದೆ.

“ಸಿಗ್ರಾಫ್‌ಗೆ ಹೋಗುವುದು ಹೇಗೆ?” ಎಂದು ಕೇಳುವುದು ಸಾಗರದ ಮಾರಿಕಾಂಬಾ ಜಾತ್ರೆಗೆ ಹೋಗಿ ಏನು ಮಾಡಲಿ ಎಂದು ಕೇಳಿದ ಹಾಗೆ. ಪೂಜೆಗೋ, ನಾಟಕಕ್ಕೋ, ಬಳೆ ಅಂಗಡಿಗೋ? ಅಲ್ಲಿ ತಾಂತ್ರಿಕ ಪ್ರಬಂಧಗಳಿವೆ, ಕೆಲಸವನ್ನು ಒಂದು ಭಿತ್ತಿಪತ್ರದಲ್ಲಿ ತೋರಿಸುವ ಪೋಸ್ಟರ್‌ಗಳಿವೆ, ಕಿರು ಉಪನ್ಯಾಸಗಳಿವೆ, ಪಾಠಗಳಿವೆ, ಕಲಾ ಪ್ರಬಂಧಗಳಿವೆ, ಹೊಸ ಉಪಕರಣಗಳ ಪ್ರದರ್ಶನವಿದೆ, ಅನಿಮೇಷನ್ ಉತ್ಸವವಿದೆ. ಒಂದೊಂದಕ್ಕೂ ಬೇರೆ ಗಡುವು, ಬೇರೆ ನಿಯಮ, ಬೇರೆ ಸಮಿತಿ. ಏನನ್ನೂ ಕಳಿಸದೆ ವಿದ್ಯಾರ್ಥಿ ಸ್ವಯಂಸೇವಕರಾಗಿ ಹೋಗುವ ದಾರಿಯೂ ಉಂಟು: ನಿಗದಿತ ಗಂಟೆಗಳ ಕಾಲ ಕೆಲಸ ಮಾಡಿದರೆ ಸಮ್ಮೇಳನದ ಪ್ರವೇಶ ಸಿಗುತ್ತದೆ. ಅದಕ್ಕೂ ಅರ್ಜಿ ಹಾಕಬೇಕು, ಆಯ್ಕೆಯಾಗಬೇಕು. ನಿಮ್ಮ ಪ್ರಶ್ನೆ ಇವುಗಳಲ್ಲಿ ಯಾವುದರ ಬಗ್ಗೆ ಎನ್ನುವುದು ಮೊದಲ ಸಾಲಿನಲ್ಲೇ ಇರಬೇಕು. ಇಲ್ಲದಿದ್ದರೆ ಉತ್ತರಿಸುವವರು “ಯಾವ ವಿಭಾಗ?” ಎಂದು ಕೇಳಿ ಹೋಗುತ್ತಾರೆ, ಮತ್ತೆ ಆ ಕಡೆ ಬರುವುದಿಲ್ಲ.

ಪ್ರಶ್ನೆಗಳನ್ನು ಮೂರು ರಾಶಿ ಮಾಡಿ

ನಿಮ್ಮ ತಲೆಯಲ್ಲಿರುವ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಆಮೇಲೆ ಆ ವರ್ಷದ ಪ್ರಬಂಧ ಆಹ್ವಾನದ ಪುಟವನ್ನು ತೆರೆದು ಮೊದಲಿನಿಂದ ಕೊನೆಯವರೆಗೆ ಓದಿ. ಪುಟ ಎಷ್ಟು, ವಿಡಿಯೊ ಬೇಕೇ, ಹೆಸರು ಮುಚ್ಚಬೇಕೇ, ಪುಟ ಜೋಡಿಸಲು ಯಾವ ಲೇಟೆಕ್ ಟೆಂಪ್ಲೇಟ್ ಬಳಸಬೇಕು: ಅರ್ಧದಷ್ಟು ಪ್ರಶ್ನೆಗಳು ಅಲ್ಲಿಯೇ ಸಾಯುತ್ತವೆ. ಇದು ಮೊದಲ ರಾಶಿ. ಹಿಂದಿನ ವರ್ಷದ ಪುಟ ಓದಿ ಮೋಸಹೋಗಬೇಡಿ. ಹುಡುಕಾಟದಲ್ಲಿ ಹಳೆಯದೇ ಮೊದಲು ಬರುವುದುಂಟು. ಚಾಟ್‌ಬಾಟ್‌ಗಳನ್ನು ಗಡುವು ಕೇಳಲೇಬೇಡಿ. ಹಳೆಯ ದಿನಾಂಕವನ್ನು ಹೊಸ ವರ್ಷಕ್ಕೆ ಅಂಟಿಸಿ, ಅನುಮಾನವೇ ಬಾರದಂತೆ ಹೇಳಿಬಿಡುತ್ತವೆ.

ಗಡುವಿನ ವಿಷಯ ಬಂತು, ಸಮಯದ ಲೆಕ್ಕವನ್ನು ಇಲ್ಲೇ ಮುಗಿಸೋಣ. ಹಲವು ಸಮ್ಮೇಳನಗಳು ಗಡುವನ್ನು ‘ಎಒಇ’ (ಎನಿವೇರ್ ಆನ್ ಅರ್ತ್) ಎಂದು ಬರೆಯುತ್ತವೆ. ಭೂಮಿಯ ಯಾವುದೇ ಮೂಲೆಯಲ್ಲಿ ಆ ದಿನ ಇನ್ನೂ ಉಳಿದಿದ್ದರೆ ಗಡುವು ಮುಗಿದಿಲ್ಲ ಎಂದು ಅರ್ಥ. ಆ ವಲಯದ ಗಡಿಯಾರ ಜಾಗತಿಕ ಮಾನಕ ಸಮಯವಾದ ಯುಟಿಸಿಗಿಂತ 12 ಗಂಟೆ ಹಿಂದೆ, ನಮ್ಮದು ಐದೂವರೆ ಗಂಟೆ ಮುಂದೆ. ಹೀಗಾಗಿ ಎಒಇ ಲೆಕ್ಕದ ರಾತ್ರಿ 11.59 ಎಂದರೆ ನಮಗೆ ಮರುದಿನ ಸಂಜೆ 5.29. ಯುಟಿಸಿ 22.00 ಎಂದು ಬರೆದಿದ್ದರೆ ಕಥೆ ಬೇರೆ: ನಮ್ಮಲ್ಲಿ ಮರುದಿನ ಬೆಳಗಿನ ಜಾವ 3.30. ಈ ಎರಡನ್ನು ಕಲಸಿಕೊಂಡವರಿಗೆ ಹದಿನಾಲ್ಕು ಗಂಟೆ ನಷ್ಟವಾಗುತ್ತದೆ. ಸಿಗ್ರಾಫ್ ಏಷ್ಯಾ ಪ್ರಬಂಧಗಳ ಗಡುವು ಸಾಮಾನ್ಯವಾಗಿ ಮೇ ತಿಂಗಳಿನಲ್ಲಿ ಬೀಳುತ್ತದೆ. ಮೇ ತಿಂಗಳಲ್ಲಿ ಹೊಸನಗರದ ಕಡೆ ಸಂಜೆ ಗುಡುಗು ಕೇಳಿದ ಕೂಡಲೇ ಕರೆಂಟ್ ಏನಾಗುತ್ತದೆ ಎನ್ನುವುದನ್ನು ನಿಮಗೆ ಹೇಳಬೇಕಾಗಿಲ್ಲ. ಬಹುತೇಕ ವ್ಯವಸ್ಥೆಗಳಲ್ಲಿ ಗಡುವಿನ ತನಕ ಕಡತ ಬದಲಿಸಲು ಅವಕಾಶವಿರುತ್ತದೆ. ಎರಡು ದಿನ ಮೊದಲೇ ಅರೆಬೆಂದದ್ದನ್ನಾದರೂ ಏರಿಸಿಟ್ಟಿರಿ.

ಎರಡನೆಯ ರಾಶಿ ಸಮಿತಿಗೆ ಮಾತ್ರ ಕೇಳಬೇಕಾದದ್ದು. ವೀಸಾಕ್ಕೆ ಬೇಕಾದ ಆಹ್ವಾನ ಪತ್ರ, ಶುಲ್ಕ ಪಾವತಿಯಲ್ಲಾದ ಗೊಂದಲ, ಏರಿಸಿದ ಕಡತ ತೆರೆಯದಿರುವುದು, ನಿಯಮದ ಒಂದು ವಾಕ್ಯ ಎರಡು ಅರ್ಥ ಕೊಡುವುದು. ಇವುಗಳಿಗೆ ಹೊರಗಿನವರು ಏನೇ ಹೇಳಿದರೂ ಅದಕ್ಕೆ ಬೆಲೆಯಿಲ್ಲ. “ಹೋದ ವರ್ಷ ನನ್ನದನ್ನು ತೆಗೆದುಕೊಂಡರು” ಎಂಬ ಮಾತನ್ನು ನಂಬಿ ಹತ್ತು ಪುಟದ ಮಿತಿ ಇದ್ದಲ್ಲಿ ಹನ್ನೊಂದನೆಯ ಪುಟ ಸೇರಿಸಿದವರ ಪ್ರಬಂಧವನ್ನು ಓದದೆಯೇ ತಳ್ಳಿಹಾಕಬಹುದು. ಅಧಿಕೃತ ಪುಟದಲ್ಲಿರುವ ಸಂಪರ್ಕ ನಮೂನೆಯ ಮೂಲಕ ನೇರವಾಗಿ ಬರೆಯಿರಿ.

ಮೂರನೆಯದೇ ಅಪರಿಚಿತರಿಗೆ ಮೀಸಲು: ಯಾವ ನಿಯಮ ಪುಸ್ತಕದಲ್ಲೂ ಇಲ್ಲದ, ಹೋಗಿಬಂದವರಿಗೆ ಮಾತ್ರ ಗೊತ್ತಿರುವ ಸಂಗತಿಗಳು. ಇಂಥ ಕೆಲಸ ಪೋಸ್ಟರ್‌ಗೆ ಸರಿಹೊಂದುತ್ತದೆಯೇ, ಪ್ರಬಂಧವಾಗುವಷ್ಟು ಗಟ್ಟಿ ಇದೆಯೇ? ಪೋಸ್ಟರ್ ಮುಂದೆ ನಿಂತಾಗ ಜನ ಏನು ಕೇಳುತ್ತಾರೆ? ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಆ ದೇಶದ ವೀಸಾ ಎಷ್ಟು ದಿನದಲ್ಲಿ ಬಂತು? ಇಲ್ಲಿ ‘ಭಾರತೀಯ ಪಾಸ್‌ಪೋರ್ಟ್’ ಎಂಬುದನ್ನು ಬರೆಯಲು ಮರೆತರೆ, ವೀಸಾ ಎಂದರೇನೆಂದೇ ತಿಳಿಯದ ಯುರೋಪಿನವರು ಬಂದು “ಚಿಂತೆ ಬೇಡ, ಟಿಕೆಟ್ ತೆಗೆದುಕೊಳ್ಳಿ” ಎನ್ನುತ್ತಾರೆ.

ಹಣದ ಪ್ರಶ್ನೆಯೂ ಇದೇ ರಾಶಿಗೆ ಸೇರುತ್ತದೆ, ಅದನ್ನು ಕೇಳಲು ನಾಚಿಕೆ ಬೇಡ. ಪ್ರಯಾಣದ ನೆರವು ಕೊಡುವ ಸರ್ಕಾರಿ ಯೋಜನೆಗಳಿವೆ, ಎಸಿಎಂ ಇಂಡಿಯಾದಂಥ ವೃತ್ತಿಪರ ಸಂಘಗಳ ಅನುದಾನಗಳೂ ಇವೆ. ಅರ್ಹತೆಯನ್ನು ನೀವೇ ಓದಿಕೊಳ್ಳಬಹುದು. ಪಡೆದವರನ್ನು ಕೇಳಬೇಕಾದದ್ದು ಒಂದೇ: ದುಡ್ಡು ಹೋಗುವ ಮುಂಚೆ ಕೈಗೆ ಬಂತೋ, ಬಂದು ರಸೀದಿ ಕೊಟ್ಟ ಮೇಲೋ? ಇಂಥ ಅನುದಾನಗಳಲ್ಲಿ ಖರ್ಚು ಮಾಡಿದ ಮೇಲೆ ಮರುಪಾವತಿಯಾಗುವವೇ ಹೆಚ್ಚು. ಅಪ್ಪ ಅಡಿಕೆ ಮಂಡಿಯಲ್ಲಿ ಮುಂಗಡ ಎತ್ತಬೇಕೇ ಬೇಡವೇ ಎನ್ನುವುದು ಈ ಉತ್ತರದ ಮೇಲೆ ನಿಂತಿರುತ್ತದೆ. ಅದನ್ನು ಟಿಕೆಟ್ ತೆಗೆದ ಮೇಲೆ ತಿಳಿದುಕೊಂಡರೆ ಏನು ಬಂತು?

ಒಂದು ಪ್ರಶ್ನೆಯನ್ನು ತಿದ್ದಿ ನೋಡೋಣ

ಉದಾಹರಣೆಗೆ, ಮಳೆಯಲ್ಲಿ ನೆಂದ ಜಂಬಿಟ್ಟಿಗೆ ಕಲ್ಲಿನ ಗೋಡೆಯನ್ನು ಪರದೆಯ ಮೇಲೆ ನಿಜವೆನ್ನಿಸುವಂತೆ ತೋರಿಸುವ ಶೇಡರ್ (ಮೇಲ್ಮೈಯ ಬಣ್ಣ, ಬೆಳಕನ್ನು ಲೆಕ್ಕಹಾಕುವ ಪ್ರೋಗ್ರಾಂ) ಒಂದನ್ನು ನೀವು ಬರೆದಿದ್ದೀರಿ ಎಂದುಕೊಳ್ಳಿ. ವಿಷಯ ಚೆನ್ನಾಗಿದೆ. ಕಲ್ಲು ನೆಂದಾಗ ಕಪ್ಪಾಗುವುದನ್ನು ನಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೋಡುತ್ತಲೇ ಇರುತ್ತೇವೆ. ರಂಧ್ರಗಳಲ್ಲಿ ಗಾಳಿ ಇದ್ದ ಜಾಗಕ್ಕೆ ನೀರು ಸೇರಿದಾಗ ಬೆಳಕು ಹಿಂದಕ್ಕೆ ಚದುರುವುದು ಕಡಿಮೆಯಾಗಿ, ಇನ್ನಷ್ಟು ಒಳಗಿಳಿದು ಹೀರಿಹೋಗುತ್ತದೆ. ಮೇಲಿನ ನೀರಿನ ಪದರವೂ ಹೊರಡುವ ಬೆಳಕಿನ ಒಂದು ಭಾಗವನ್ನು ಒಳಕ್ಕೇ ತಿರುಗಿಸುತ್ತದೆ. ಇದನ್ನು ಸಮ್ಮೇಳನಕ್ಕೆ ಕಳಿಸಬಹುದೇ ಎನ್ನುವುದು ನಿಮ್ಮ ಸಂದೇಹ. ಮೊದಲ ಸಲ ಬರೆಯುವವರ ಸಂದೇಶ ಸಾಧಾರಣವಾಗಿ ಹೀಗಿರುತ್ತದೆ:

“ಎಲ್ಲರಿಗೂ ನಮಸ್ಕಾರ. ನಾನು ಅಂತಿಮ ವರ್ಷದ ವಿದ್ಯಾರ್ಥಿ. ನನಗೆ ಚಿಕ್ಕಂದಿನಿಂದಲೂ ಗ್ರಾಫಿಕ್ಸ್‌ನಲ್ಲಿ ತುಂಬಾ ಆಸಕ್ತಿ. ನಾನೊಂದು ಪ್ರಾಜೆಕ್ಟ್ ಮಾಡಿದ್ದೇನೆ. ಸಿಗ್ರಾಫ್‌ಗೆ ಕಳಿಸಬಹುದೇ? ತಿಳಿದ ಹಿರಿಯರು ದಯವಿಟ್ಟು ಮಾರ್ಗದರ್ಶನ ಮಾಡಬೇಕು. ತುಂಬಾ ಅರ್ಜೆಂಟ್.”

ವಿನಯಕ್ಕೆ ಕೊರತೆಯಿಲ್ಲ. ಹೌದು, ಇಲ್ಲ ಎನ್ನುವುದಕ್ಕಾದರೂ ಒಂದು ಆಧಾರ ಬೇಕಲ್ಲ, ಅದು ಮಾತ್ರ ಇಲ್ಲ. ಇದನ್ನೇ ಹೀಗೆ ಬರೆಯಬಹುದು (ಕಳಿಸುವುದು ಇಂಗ್ಲಿಷಿನಲ್ಲೇ ಆದರೂ ಮೊದಲು ಕನ್ನಡದಲ್ಲಿ ಬರೆದು ನೋಡಿ, ಏನು ಕೇಳುತ್ತಿದ್ದೇನೆ ಎನ್ನುವುದು ನಿಮಗೇ ಸ್ಪಷ್ಟವಾಗುತ್ತದೆ):

ಶೀರ್ಷಿಕೆ: “ರಂಧ್ರವಿರುವ ಒದ್ದೆ ಕಲ್ಲಿನ ಶೇಡರ್: ಅಳತೆ ಮಾಡಿದ ದತ್ತಾಂಶವಿಲ್ಲದೆ, ಫೋಟೊ ಹೋಲಿಕೆಯಷ್ಟೇ ಇದ್ದರೆ ಪೋಸ್ಟರ್‌ಗೆ ಸಾಕೇ?”

“ಸಿಗ್ರಾಫ್ ಏಷ್ಯಾದ ಪೋಸ್ಟರ್ ವಿಭಾಗಕ್ಕೆ ಕಳಿಸುವ ಯೋಚನೆ ಇದೆ. ಆಹ್ವಾನದ ಪುಟ ಓದಿದ್ದೇನೆ. ಮೌಲ್ಯಮಾಪನ ಹೇಗಿರಬೇಕೆಂದು ಅಲ್ಲಿ ವಿವರವಿಲ್ಲ. ಒದ್ದೆ ವಸ್ತುಗಳ ರೆಂಡರಿಂಗ್ ಬಗ್ಗೆ 1999ರ ಯೂರೋಗ್ರಾಫಿಕ್ಸ್ ರೆಂಡರಿಂಗ್ ಕಾರ್ಯಾಗಾರದ ಪ್ರಬಂಧ ನೋಡಿದ್ದೇನೆ. ನಾನು ಮಾಡಿರುವುದು ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ತತ್‌ಕ್ಷಣ ಓಡುವ ಸರಳ ರೂಪ, ಜೊತೆಗೆ ಕಲ್ಲು ಒಣಗುತ್ತ ಬರುವ ಕ್ರಮ. ಉಪಕರಣವಿಲ್ಲದ ಕಾರಣ ಮೊಬೈಲ್ ಫೋಟೊಗಳೊಂದಿಗೆ ಮಾತ್ರ ಹೋಲಿಸಿದ್ದೇನೆ. ಪೋಸ್ಟರ್ ಕಳಿಸಿದವರಿಗೆ ಅಥವಾ ಪರಿಶೀಲಿಸಿದವರಿಗೆ ನನ್ನ ಪ್ರಶ್ನೆ: ಇಷ್ಟು ಹೋಲಿಕೆ ಸಾಕಾಗುತ್ತದೆಯೇ? ಸಾಲದಿದ್ದರೆ, ಪ್ರಯೋಗಾಲಯವಿಲ್ಲದೆ ಮಾಡಬಹುದಾದದ್ದು ಏನಿದೆ?”

ಇದರಲ್ಲಿ ಗಮನಿಸಬೇಕಾದದ್ದು 1999ರ ಪ್ರಬಂಧದ ಸಾಲು. ಗ್ರಾಫಿಕ್ಸ್ ಜನರ ಮೊದಲ ಪ್ರಶ್ನೆ ಯಾವಾಗಲೂ “ಇದು ಆಗಲೇ ಆಗಿಲ್ಲವೇ?” ಎನ್ನುವುದು. ಅದನ್ನು ನೀವೇ ಮೊದಲು ಎತ್ತಿ, ನಿಮ್ಮದರಲ್ಲಿ ಬೇರೆ ಏನು ಎಂದು ಒಂದು ಸಾಲಿನಲ್ಲಿ ಹೇಳಿದರೆ ಮಾತು ಮುಂದಿನ ಮೆಟ್ಟಿಲಿನಿಂದ ಶುರುವಾಗುತ್ತದೆ. ಆ ಒಂದು ಸಾಲು ಬರೆಯಲು ಆಗದಿದ್ದರೆ ಪ್ರಶ್ನೆ ಕೇಳುವ ಕಾಲ ಇನ್ನೂ ಬಂದಿಲ್ಲ, ಇನ್ನಷ್ಟು ಓದಬೇಕು. ಹಳೆಯ ಪ್ರಬಂಧ ಓದಲು ದುಡ್ಡು ಕೊಡಬೇಕಲ್ಲ ಎನ್ನುವ ನೆಪವೂ ಈಗ ಹೆಚ್ಚು ನಡೆಯುವುದಿಲ್ಲ: ಸಿಗ್ರಾಫ್ ಪ್ರಬಂಧಗಳಿರುವ ಎಸಿಎಂ ಡಿಜಿಟಲ್ ಗ್ರಂಥಾಲಯ 2026ರ ಜನವರಿಯಿಂದ ತನ್ನ ಪ್ರಕಟಣೆಗಳನ್ನು ಮುಕ್ತವಾಗಿ ಓದಲು ಬಿಟ್ಟಿದೆ.

ಕೊನೆಯ ಪ್ರಶ್ನೆಯ ರೂಪವನ್ನೂ ನೋಡಿ. “ಸಾಲದಿದ್ದರೆ ಏನು ಮಾಡಬಹುದು?” ಎಂದು ಕೇಳಿದ್ದರಿಂದ ಉತ್ತರಿಸುವವರಿಗೆ ‘ಇಲ್ಲ’ ಎನ್ನುವ ಮುಜುಗರ ತಪ್ಪುತ್ತದೆ. ನಮ್ಮ ಕಡೆಯವರ ದಾಕ್ಷಿಣ್ಯ ಪ್ರಪಂಚದಲ್ಲೆಲ್ಲ ಸ್ವಲ್ಪ ಸ್ವಲ್ಪ ಇದೆ. ಮುಖದ ಮೇಲೆ ಇಲ್ಲವೆನ್ನಲು ಮನಸ್ಸಾಗದವರು ಸುಮ್ಮನಿದ್ದುಬಿಡುತ್ತಾರೆ.

ಒಂದು ಚಿತ್ರ ಇರಲಿ, ಒಂದೇ ಸಾಕು. ಎಡಕ್ಕೆ ಫೋಟೊ, ಬಲಕ್ಕೆ ನಿಮ್ಮ ರೆಂಡರ್, ಎರಡೂ ಒಂದೇ ಅಳತೆಯಲ್ಲಿ. ಪರದೆಯನ್ನು ಮೊಬೈಲ್‌ನಿಂದ ಫೋಟೊ ಹೊಡೆದು ಹಾಕುವುದು ಬೇಡ; ಬಣ್ಣದ ಬಗ್ಗೆ ಪ್ರಶ್ನೆ ಕೇಳುತ್ತ ಬಣ್ಣವನ್ನೇ ಕೆಡಿಸಿ ತೋರಿಸಿದಂತಾಗುತ್ತದೆ. ‘ಅರ್ಜೆಂಟ್’ ಎಂಬುದನ್ನು ತೆಗೆದು ಗಡುವಿನ ದಿನಾಂಕ ಬರೆಯಿರಿ. ಸರ್, ಮೇಡಂ ಎಲ್ಲವನ್ನೂ ಬಿಡಿ. ಎದುರಿಗಿರುವವರು ಹೆಣ್ಣೋ ಗಂಡೋ, ನಿಮಗಿಂತ ಚಿಕ್ಕವರೋ ಗೊತ್ತಿಲ್ಲ. ಅಲ್ಲಿ ಹೆಸರು ಹಿಡಿದು ಮಾತನಾಡುವುದು ಅಗೌರವವಲ್ಲ.

ಎಲ್ಲಿ, ಯಾವಾಗ

ಸ್ಟ್ಯಾಕ್ ಎಕ್ಸ್‌ಚೇಂಜ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಶೇಡರ್‌ನ ಲೆಕ್ಕ ಕೇಳಬಹುದು, “ನನ್ನ ಕೆಲಸ ಸಾಕೇ?” ಎಂಬಂಥ ಅಭಿಪ್ರಾಯದ ಪ್ರಶ್ನೆ ಕೇಳಿದರೆ ಮುಚ್ಚಿಬಿಡುತ್ತಾರೆ. ಪ್ರಬಂಧ ಪ್ರಕಟಣೆಯ ರೀತಿನೀತಿಗಳಿಗೆ ಅದೇ ತಾಣದ ಅಕಾಡೆಮಿಯಾ ವಿಭಾಗವಿದೆ. ಅಭಿಪ್ರಾಯ ಬೇಕಾದರೆ ರೆಡ್ಡಿಟ್ ಅಥವಾ ಡಿಸ್ಕಾರ್ಡ್‌ನ ಗ್ರಾಫಿಕ್ಸ್ ಗುಂಪುಗಳೇ ಮೇಲು.

ನನ್ನನ್ನು ಕೇಳಿದರೆ ಇವೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಒಬ್ಬರೇ ವ್ಯಕ್ತಿಗೆ ಬರೆದ ಇಮೇಲ್. ನಿಮ್ಮ ವಿಷಯಕ್ಕೆ ಹತ್ತಿರದ, ಕಳೆದ ಎರಡು ಮೂರು ವರ್ಷಗಳ ಪೋಸ್ಟರ್ ಅಥವಾ ಪ್ರಬಂಧ ಹುಡುಕಿ. ಮೊದಲ ಲೇಖಕರು ಸಾಮಾನ್ಯವಾಗಿ ವಿದ್ಯಾರ್ಥಿಗಳಾಗಿರುತ್ತಾರೆ, ಅವರ ಇಮೇಲ್ ಪ್ರಬಂಧದಲ್ಲೇ ಅಚ್ಚಾಗಿರುತ್ತದೆ. ಹೆಸರುವಾಸಿ ಪ್ರೊಫೆಸರ್‌ಗೆ ಬರೆದು ಕಾಯುವುದಕ್ಕಿಂತ ಇವರಿಗೆ ಬರೆಯುವುದು ಲೇಸು, ಏಕೆಂದರೆ ಹೋದ ವರ್ಷವಷ್ಟೇ ನಿಮ್ಮ ಜಾಗದಲ್ಲಿ ನಿಂತಿದ್ದವರು ಅವರು. ಭಾರತೀಯ ವಿಜ್ಞಾನ ಸಂಸ್ಥೆ, ಹೈದರಾಬಾದಿನ ಐಐಐಟಿ, ಮುಂಬೈ ಮತ್ತು ದೆಹಲಿಯ ಐಐಟಿಗಳಲ್ಲಿ ಗ್ರಾಫಿಕ್ಸ್ ಕೆಲಸ ನಡೆಯುತ್ತದೆ. ವೀಸಾ, ಅನುದಾನಗಳ ಪ್ರಶ್ನೆಗೆ ಅಲ್ಲಿನವರೇ ಸರಿ. ಬೆಂಗಳೂರಿನ ಸಂಶೋಧಕರು ಕನ್ನಡದವರೆಂದು ತಿಳಿದರೆ ಎರಡು ಸಾಲು ಕನ್ನಡದಲ್ಲಿ ಬರೆದರೂ ತಪ್ಪಿಲ್ಲ.

ಒಂದೇ ಪ್ರಶ್ನೆಯನ್ನು ಐದು ಕಡೆ ಒಟ್ಟಿಗೆ ಎರಚಬೇಡಿ. ಎರಡನೆಯ ಕಡೆ ಕೇಳಲೇಬೇಕಾದರೆ ಮೊದಲು ಎಲ್ಲಿ ಕೇಳಿದ್ದೆ, ಅಲ್ಲಿ ಏನು ಹೇಳಿದರು ಎನ್ನುವುದನ್ನು ಸೇರಿಸಿ.

ರಾತ್ರಿ 8.30 ಒಳ್ಳೆಯ ಹೊತ್ತು. ಬೇಸಿಗೆಯಲ್ಲಿ ಆಗ ಜರ್ಮನಿಯಲ್ಲಿ ಸಂಜೆ 5, ನ್ಯೂಯಾರ್ಕ್‌ನಲ್ಲಿ ಬೆಳಗ್ಗೆ 11, ಲಾಸ್ ಏಂಜಲೀಸ್‌ನಲ್ಲಿ ಬೆಳಗ್ಗೆ 8. ಚಳಿಗಾಲದಲ್ಲಿ ಅವರ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ. ಪ್ರಶ್ನೆ ಹಾಕಿದ ಮೇಲೆ ಒಂದು ಗಂಟೆಯಾದರೂ ಅಲ್ಲೇ ಇರಿ, ಮರುಪ್ರಶ್ನೆ ಬರುವುದು ಆಗಲೇ. ಆಗುಂಬೆ, ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲವಾದ್ದರಿಂದ ಪ್ರಶ್ನೆಯನ್ನು ಮೊದಲೇ ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳಿ. ಶಿವಮೊಗ್ಗ ಪೇಟೆಗೆ ಬರುವ ದಿನ ನೋಡಿ ಹಾಕಿದರೂ ನಡೆಯುತ್ತದೆ.

ಹೇಳಬಾರದ್ದು, ಕೊಡಬಾರದ್ದು

ಸಿಗ್ರಾಫ್ ಪ್ರಬಂಧಗಳ ಪರಿಶೀಲನೆಯಲ್ಲಿ ಬರೆದವರ ಹೆಸರು ಪರಿಶೀಲಕರಿಗೆ, ಪರಿಶೀಲಕರ ಹೆಸರು ಬರೆದವರಿಗೆ ತಿಳಿಯುವುದಿಲ್ಲ. ಪ್ರಬಂಧ ಕಳಿಸಿದ ಮೇಲೆ ಅದರ ಶೀರ್ಷಿಕೆ, ಮುಖ್ಯ ಚಿತ್ರ, ಸಂಖ್ಯೆ ಇವನ್ನು ಹಾಕಿ “ನನ್ನದು ಏನಾಗಬಹುದು?” ಎಂದು ಬಹಿರಂಗವಾಗಿ ಕೇಳಿದರೆ ಆ ಮುಸುಕನ್ನು ನೀವೇ ಸರಿಸಿದಂತೆ, ಓದುತ್ತಿರುವವರಲ್ಲಿ ನಿಮ್ಮ ಪರಿಶೀಲಕರೂ ಇರಬಹುದು. ಹೀಗಾಗಿ ವಿವರ ಬೇಡುವ ಪ್ರಶ್ನೆಗಳನ್ನೆಲ್ಲ ಕಳಿಸುವ ಮೊದಲೇ ಕೇಳಿ ಮುಗಿಸಬೇಕು. ಆಗಲೂ ಹೊಸ ಉಪಾಯದ ತಿರುಳು ಬೇಡ, ಕೆಲಸದ ಬಗೆ ಹೇಳಿದರೆ ಸಾಕು. ಪರಿಶೀಲಕರು ಬರೆದ ಅಭಿಪ್ರಾಯಗಳು ಗೋಪ್ಯ. ಅವನ್ನು ಹಾಗೆಯೇ ಅಂಟಿಸದೆ, “ಇಬ್ಬರು ಹೋಲಿಕೆ ಸಾಲದು ಎಂದಿದ್ದಾರೆ, ಅವರಿಗೆ ಕೊಡುವ ಮರುತ್ತರದಲ್ಲಿ ಹೊಸ ಫಲಿತಾಂಶ ಸೇರಿಸುವುದು ವಾಡಿಕೆಯೇ?” ಎಂದು ನಿಮ್ಮ ಮಾತಿನಲ್ಲಿ ಕೇಳಿ.

ಬಹಿರಂಗವಾಗಿ ಪ್ರಶ್ನೆ ಕೇಳಿದ ಮೇಲೆ ಖಾಸಗಿ ಸಂದೇಶಗಳು ಬರುತ್ತವೆ. ಅದರಲ್ಲಿ ಒಳ್ಳೆಯವರೂ ಇರುತ್ತಾರೆ, ಉಳಿದವರೂ ಇರುತ್ತಾರೆ. ಸಮ್ಮೇಳನದ ಹೋಟೆಲ್ ಬುಕ್ ಮಾಡಿಕೊಡುತ್ತೇವೆ, ವೀಸಾ ಪತ್ರ ಕೊಡಿಸುತ್ತೇವೆ ಎಂದು ಪಾಸ್‌ಪೋರ್ಟ್ ಪ್ರತಿ ಕೇಳಿದವರಿಗೆ ಉತ್ತರಿಸಲೇಬೇಡಿ. ಪಾಸ್‌ಪೋರ್ಟ್ ವಿವರ ಹೋಗಬೇಕಾದದ್ದು ಅಧಿಕೃತ ನೋಂದಣಿ ಪುಟಕ್ಕೆ ಮಾತ್ರ. “ನಮ್ಮ ಸಮ್ಮೇಳನಕ್ಕೆ ಕಳಿಸಿ, ಮೂರು ದಿನದಲ್ಲಿ ಒಪ್ಪಿಗೆ” ಎನ್ನುವ ಆಹ್ವಾನಗಳೂ ಬರುತ್ತವೆ. ಗ್ರಾಫಿಕ್ಸ್, ಕೃಷಿ, ನರ್ಸಿಂಗ್ ಮೂರೂ ಒಂದೇ ದಿನ ಒಂದೇ ಹೋಟೆಲಿನಲ್ಲಿ ನಡೆಯುವಂತಿದ್ದರೆ ಅದು ಶುಲ್ಕ ವಸೂಲಿಯ ಅಂಗಡಿ. ಕಳೆದ ವರ್ಷದ ಪ್ರಬಂಧಗಳು ಎಸಿಎಂ, ಐಇಇಇ ಅಥವಾ ಯೂರೋಗ್ರಾಫಿಕ್ಸ್‌ನ ಡಿಜಿಟಲ್ ಸಂಗ್ರಹದಲ್ಲಿ ಸಿಗುತ್ತವೆಯೇ ಎಂದು ಮೊದಲು ಹುಡುಕಿ, ಆಮೇಲೂ ಅನುಮಾನ ಉಳಿದರೆ ಸಮ್ಮೇಳನದ ಹೆಸರು ಹೇಳಿ “ಇಲ್ಲಿಗೆ ಹೋದವರು ಯಾರಾದರೂ ಇದ್ದೀರಾ?” ಎಂದು ಕೇಳಿ. ಈ ಪ್ರಶ್ನೆಗೆ ಅಪರಿಚಿತರಷ್ಟು ನೇರವಾಗಿ ಉತ್ತರಿಸುವವರು ಬೇರೆ ಇಲ್ಲ.

ಉತ್ತರ ಬಂದ ಮೇಲೆ

ಉತ್ತರಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಯಾರು ಯಾವ ವರ್ಷ, ಯಾವ ವಿಭಾಗಕ್ಕೆ ಕಳಿಸಿದ್ದರು ಎಂದು ಕೇಳಿ. 2022ರಿಂದ ಸಿಗ್ರಾಫ್ ಪ್ರಬಂಧಗಳಲ್ಲಿ ನಿಯತಕಾಲಿಕದ ದಾರಿ, ಸಮ್ಮೇಳನದ ದಾರಿ ಎಂದು ಎರಡು ಕವಲುಗಳಾಗಿವೆ. ಅದಕ್ಕೂ ಮುಂಚಿನವರ ಅನುಭವ ಸುಳ್ಳಲ್ಲವಾದರೂ ಈಗಿನ ನಿಯಮಕ್ಕೆ ಹೊಂದುವುದಿಲ್ಲ.

ಒಂದು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಬಹುದು, ಅದೂ ಹೊಸದೇನಾದರೂ ಸೇರಿಸಿ: ಈ ನಡುವೆ ಇದನ್ನು ಮಾಡಿ ನೋಡಿದೆ, ಹೀಗಾಯಿತು ಎಂದು. ಆಮೇಲೂ ಮೌನವಾದರೆ ಬೇರೆಯವರನ್ನು ಹುಡುಕಿ.

ಸಲಹೆ ಕೊಟ್ಟವರಿಗೆ ಧನ್ಯವಾದವನ್ನು ಅಂದೇ ಹೇಳಿ, ಫಲಿತಾಂಶವನ್ನು ಬಂದಾಗ ತಿಳಿಸಿ. ಪೋಸ್ಟರ್ ತಿರಸ್ಕೃತವಾದರೂ ತಿಳಿಸಬೇಕು. ಹೆಚ್ಚಿನವರು ಈ ಎರಡನೆಯ ಪತ್ರ ಬರೆಯುವುದಿಲ್ಲ, ಬರೆದವರನ್ನು ಅವರು ಮರೆಯುವುದಿಲ್ಲ. ಆ ಪತ್ರದಲ್ಲಿಯೇ ಮುಂದಿನ ಪ್ರಶ್ನೆ ಕೇಳಲೂ ಅಡ್ಡಿಯಿಲ್ಲ: ಇದನ್ನೇ ತಿದ್ದಿ ಐಸಿವಿಜಿಐಪಿಗೆ ಕಳಿಸುವುದಾದರೆ ಮೊದಲು ಯಾವ ಭಾಗಕ್ಕೆ ಕೈ ಹಾಕಲಿ ಎಂದು.